ಯಾರಿಗೂ ಬೇಡದ ಉಡುಗೊರೆ

ಹಬ್ಬಗಳು ಮೊದಲಿನಂತಿಲ್ಲ, ಎಲ್ಲ ವ್ಯಾಪಾರವಾಗಿಬಿಟ್ಟಿದೆ ಎಂಬ ಮಾತನ್ನು ನಾವು ದೀಪಾವಳಿಯ ಹೊತ್ತಿಗೆ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಕೇಳುತ್ತೇವೆ. ಹೇಳುವವರಿಗೆಲ್ಲ ತಮ್ಮ ಅಜ್ಜನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ ಎಂಬ ನಂಬಿಕೆ. ಅಮೆರಿಕ, ಇಂಗ್ಲೆಂಡುಗಳ ಕ್ರಿಸ್‌ಮಸ್ ಮಟ್ಟಿಗಂತೂ ಈ ನಂಬಿಕೆ ನಿಲ್ಲುವುದಿಲ್ಲ. 1850ರಲ್ಲಿ, ಅಂದರೆ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಗೆ ತುಸು ಮುಂಚೆ, ಹ್ಯಾರಿಯೆಟ್ ಬೀಚರ್ ಸ್ಟೋವ್ ಒಂದು ಕ್ರಿಸ್‌ಮಸ್ ಕಥೆ ಬರೆದರು. ಅದರಲ್ಲಿ ಅನುಕೂಲಸ್ಥರ ಮನೆಯ ಹುಡುಗಿಯೊಬ್ಬಳು ತಲೆ ಕೆಡಿಸಿಕೊಂಡು ಕೂತಿದ್ದಾಳೆ. ಎಲ್ಲರಿಗೂ ಏನಾದರೂ ಕೊಡಲೇಬೇಕು, ಆದರೆ ಎಲ್ಲರ ಬಳಿಯೂ ಎಲ್ಲವೂ ಇದೆ, ಏನು ಮಾಡುವುದು? ಸುಮಾರು ನೂರಾ ಎಪ್ಪತ್ತೈದು ವರ್ಷಗಳ ಹಿಂದಿನ ಆ ಹುಡುಗಿಯನ್ನು ಇವತ್ತು ಪುಣೆಯ ಯಾವುದಾದರೂ ಮಾಲ್‌ನಲ್ಲಿ ತಂದು ನಿಲ್ಲಿಸಿದರೆ ಅವಳ ಮಾತನ್ನು ಹೆಚ್ಚೇನೂ ತಿದ್ದಬೇಕಾಗಿಲ್ಲ.

ಗೊಣಗಾಟ ಇಷ್ಟು ಹಳೆಯದಾದರೆ ಅದಕ್ಕೂ ಒಂದು ಇತಿಹಾಸ ಇರಬೇಕಲ್ಲ ಎಂದು ನಾನು ಓದುತ್ತ ಹೋದೆ. ಗೊಣಗಿದವರಲ್ಲಿ ಹೆಚ್ಚಿನವರು ಹಣ ಹಾಳಾಯಿತು, ಭಕ್ತಿ ಹಾಳಾಯಿತು ಎಂದವರು. ಕೆಲವರು ಮಾತ್ರ ಬೇರೆ ಪ್ರಶ್ನೆ ಕೇಳಿದರು: ಈ ದುಂದಿನ ಭಾರ ಯಾರ ಬೆನ್ನಿನ ಮೇಲೆ ಬೀಳುತ್ತಿದೆ? ನನಗೆ ಬರೆಯಬೇಕೆನಿಸಿದ್ದು ಆ ಕೆಲವರ ಬಗ್ಗೆ. ಅವರಲ್ಲಿಗೆ ತಲುಪಲು ಸ್ವಲ್ಪ ಹಿಂದಿನಿಂದ ಬರಬೇಕು.

ಉಡುಗೊರೆಯ ಕ್ರಿಸ್‌ಮಸ್‌ಗಿಂತ ಮೊದಲು ಇದ್ದದ್ದು ಊಟದ ಕ್ರಿಸ್‌ಮಸ್. ಉತ್ತರ ಯೂರೋಪಿನ ರೈತನಿಗೆ ಡಿಸೆಂಬರ್ ಎಂದರೆ ಕೊಯ್ಲು ಮುಗಿದು ಕೈ ಬಿಡುವಾದ ತಿಂಗಳು. ಹೊಸ ಬೆಳೆಯ ಬಿಯರು ಹುದುಗಿ ಕುಡಿಯಲು ಸಿದ್ಧವಾಗಿರುತ್ತಿತ್ತು. ಚಳಿಗಾಲ ಪೂರ್ತಿ ಮೇವು ಹಾಕಿ ಸಾಕಲಾಗದ ದನ, ಹಂದಿಗಳನ್ನು ಆ ಹೊತ್ತಿಗೆ ಕಡಿಯಬೇಕಿತ್ತು. ಉಪ್ಪು ಸವರದ ತಾಜಾ ಮಾಂಸ ಧಾರಾಳವಾಗಿ ಸಿಗುವುದು ವರ್ಷದಲ್ಲಿ ಆ ಕೆಲವೇ ವಾರ. ಹೊಟ್ಟೆ ಬಿರಿಯ ತಿನ್ನುವುದಕ್ಕೆ ಒಂದು ಲೆಕ್ಕವಿತ್ತು ಎಂದಾಯಿತು. ತಿನ್ನದೆ ಬಿಟ್ಟರೆ ಕೆಡುತ್ತಿತ್ತು. ಆ ದಿನಗಳಲ್ಲಿ ಬಡವರು, ಆಳುಗಳು, ಹರೆಯದ ಹುಡುಗರು ಗುಂಪು ಕಟ್ಟಿ ಹಾಡುತ್ತ ಸಿರಿವಂತರ ಬಾಗಿಲಿಗೆ ಹೋಗುತ್ತಿದ್ದರು. ಧಣಿ ಮನೆಯಲ್ಲಿದ್ದ ಒಳ್ಳೆಯ ಬಿಯರು, ಒಳ್ಳೆಯ ತಿಂಡಿ ತೆಗೆದು ಕೊಡಬೇಕು. ಕೊಟ್ಟರೆ ಹರಕೆ, ಇಲ್ಲದಿದ್ದರೆ ಬೈಗುಳ, ಕೆಲವೊಮ್ಮೆ ಪುಂಡಾಟಿಕೆ. ಹೋಳಿಗೆ ಕಟ್ಟಿಗೆ ಕೇಳಿಕೊಂಡು ಬರುವ ಹುಡುಗರ ಗುಂಪನ್ನು ಕಂಡವರಿಗೆ ಆ ಬಾಗಿಲ ಬಳಿಯ ದೃಶ್ಯ ಹೊಸದೇನಲ್ಲ. ಕೊಡುವುದು ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು, ಕೇಳುವವನಿಗೆ ಆ ಒಂದು ದಿನ ಕೇಳುವ ಹಕ್ಕಿತ್ತು.

ಪ್ಯೂರಿಟನ್ನರಿಗೆ ಇದು ಸಹಿಸಲಿಲ್ಲ. ಬೈಬಲ್ಲಿನಲ್ಲಿ ಹುಟ್ಟಿದ ದಿನಾಂಕವೇ ಇಲ್ಲ ಎಂಬುದು ಒಂದು ವಾದ, ಕುಡಿತ ಕುಣಿತ ಮಿತಿಮೀರಿದೆ ಎಂಬುದು ಇನ್ನೊಂದು. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಹಬ್ಬವನ್ನೇ ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವಿತ್ತು. ಕ್ರಿಸ್‌ಮಸ್ ಮೇಲೆ ಯುದ್ಧ ಸಾರಲಾಗಿದೆ ಎಂದು ಪ್ರತಿವರ್ಷ ಕೂಗಾಡುವ ಅಮೆರಿಕದ ಟಿವಿ ನಿರೂಪಕರು ಈ ಯುದ್ಧ ಮೊದಲು ಸಾರಿದವರು ಯಾರು ಎಂಬುದನ್ನು ಹೇಳುವುದು ಕಡಿಮೆ.

ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ನ್ಯೂಯಾರ್ಕ್ ಬೆಳೆಯತೊಡಗಿತ್ತು. ಚಳಿಗಾಲದಲ್ಲಿ ಬಂದರಿನ ಕೆಲಸ ತಗ್ಗಿ ಕೂಲಿಗಾರರು ಬೀದಿಯಲ್ಲಿರುತ್ತಿದ್ದರು. ಹಳ್ಳಿಯಲ್ಲಿ ಗುರುತಿನ ಆಳು ಬಾಗಿಲಿಗೆ ಬಂದು ಹಾಡುವುದು ಬೇರೆ, ನಗರದಲ್ಲಿ ಗುರುತಿಲ್ಲದ ಗುಂಪು ತಮಟೆ ಬಡಿಯುತ್ತ ರಾತ್ರಿ ಮನೆ ಮುಂದೆ ನಿಲ್ಲುವುದು ಬೇರೆ. ಊರಿನ ಉಳ್ಳವರಿಗೆ ದಿಗಿಲಾಯಿತು. ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ 1996ರಲ್ಲಿ ಬರೆದ 'ದಿ ಬ್ಯಾಟಲ್ ಫಾರ್ ಕ್ರಿಸ್‌ಮಸ್' ಪುಸ್ತಕದ ವಾದ ಇಲ್ಲಿಂದಲೇ ಬೆಳೆಯುತ್ತದೆ. ಆ ಉಳ್ಳವರು ಹಬ್ಬವನ್ನು ಬೀದಿಯಿಂದ ಎತ್ತಿ ಮನೆಯೊಳಗೆ ತಂದರು. 1823ರ ಡಿಸೆಂಬರ್ 23ರಂದು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನ ಪತ್ರಿಕೆಯೊಂದರಲ್ಲಿ ಸಂತ ನಿಕೋಲಸ್ ಜಿಂಕೆಗಾಡಿಯಲ್ಲಿ ಬರುವ ಪದ್ಯ ಕವಿಯ ಹೆಸರಿಲ್ಲದೆ ಅಚ್ಚಾಯಿತು. ಮುಂದೆ ಅದು ಕ್ಲೆಮೆಂಟ್ ಕ್ಲಾರ್ಕ್ ಮೂರ್ ಎಂಬ ಶ್ರೀಮಂತ ವಿದ್ವಾಂಸನ ಹೆಸರಿಗೆ ಸೇರಿತು. ಆ ಪದ್ಯದಲ್ಲಿಯೂ ನಡುರಾತ್ರಿ ಮನೆಯ ಹೊರಗೆ ಸದ್ದಾಗುತ್ತದೆ, ಯಜಮಾನ ಗಾಬರಿಯಿಂದ ಎದ್ದು ಕಿಟಕಿಗೆ ಓಡುತ್ತಾನೆ. ಆದರೆ ಬಂದವನು ಏನನ್ನೂ ಕೇಳುವುದಿಲ್ಲ, ಮಕ್ಕಳಿಗೆ ಕೊಟ್ಟು ಹೋಗುತ್ತಾನೆ. ಬಡವನ ಕೈಯಲ್ಲಿದ್ದ ಕೇಳುವ ಹಕ್ಕು ಮನೆಯ ಮಕ್ಕಳ ಕೈಗೆ ಬಂದದ್ದು ಹೀಗೆ.

ಇದರಿಂದ ಒಂದು ತೊಡಕು ಹುಟ್ಟಿತು. ಹಸಿದವನಿಗೆ ಕೊಡುವುದು ಸುಲಭ, ಊಟ ಕೊಟ್ಟರೆ ಆಯಿತು. ಹೊಟ್ಟೆ ತುಂಬಿದ ಸ್ವಂತ ಮಗುವಿಗೆ, ಹೆಂಡತಿಗೆ, ಷಡ್ಡಕನಿಗೆ ಏನು ಕೊಡುವುದು? ಅವರಿಗೆ ಇಲ್ಲದ್ದನ್ನು ಹುಡುಕಬೇಕು. ಇಲ್ಲದ್ದು ಯಾವುದೂ ಕಾಣದಿದ್ದರೆ ಅಂಥದ್ದೊಂದನ್ನು ಯಾರಾದರೂ ತಯಾರಿಸಬೇಕು.

ಹಾಗೆ ತಯಾರಿಸಿದವರಲ್ಲಿ ಮೊದಲಿಗರು ಯಾರು ಗೊತ್ತೆ? ಪುಸ್ತಕ ಪ್ರಕಾಶಕರು. ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನು ಬರೆಯಲು ನನಗೆ ಕೊಂಚ ಸಂಕೋಚ, ಕೊಂಚ ಸಂತೋಷ. ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ 1822ರ ಕೊನೆಯಲ್ಲಿ 'ಫರ್ಗೆಟ್ ಮಿ ನಾಟ್' ಎಂಬ ವಾರ್ಷಿಕ ಸಂಪುಟ ತಂದ. ಮೂರು ವರ್ಷಗಳಲ್ಲಿ ಫಿಲಡೆಲ್ಫಿಯಾದ ಪ್ರಕಾಶಕರು 'ದಿ ಅಟ್ಲಾಂಟಿಕ್ ಸುವನೀರ್' ತಂದರು. ಒಂದಿಷ್ಟು ಪದ್ಯ, ಒಂದಿಷ್ಟು ಕಥೆ, ನಡುನಡುವೆ ಕೆತ್ತನೆ ಚಿತ್ರ, ಕಣ್ಣಿಗೆ ಹಬ್ಬವಾಗುವ ರಟ್ಟು. ಮೊದಲ ಪುಟಗಳಲ್ಲಿ ಯಾರು ಯಾರಿಗೆ ಕೊಟ್ಟದ್ದು ಎಂದು ಬರೆಯಲು ಅಲಂಕಾರದ ಜಾಗ. ಓದುವುದಕ್ಕಿಂತ ಹೆಚ್ಚಾಗಿ ಕೊಡುವುದಕ್ಕೆಂದೇ ಹುಟ್ಟಿದ ಸರಕು ಅದು. ಒಳ್ಳೆಯ ಲೇಖಕರೂ ಅದಕ್ಕೆ ಬರೆದರು, ಸಂಭಾವನೆ ಚೆನ್ನಾಗಿತ್ತು. ವರ್ಷ ಕಳೆದರೆ ಸಂಪುಟ ಹಳತಾಗುತ್ತದೆ, ಮುಂದಿನ ಡಿಸೆಂಬರಿಗೆ ಹೊಸದು ಬೇಕು. ಕೊಂಡವನು ಬಳಸುವುದಿಲ್ಲ, ಬಳಸಬೇಕಾದವನು ಕೊಳ್ಳುವುದಿಲ್ಲ ಎಂಬ ಈ ಏರ್ಪಾಡು ವ್ಯಾಪಾರಿಗೆ ಎಷ್ಟು ಅನುಕೂಲ ಎಂಬುದನ್ನು ಉಳಿದವರು ಬೇಗನೆ ಕಲಿತರು.

ಮುಂದಿನ ಐವತ್ತು ವರ್ಷಗಳ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುವುದು, ಬೇಗ ದಾಟುತ್ತೇನೆ. 1843ರಲ್ಲಿ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ಬಂತು, ಅದೇ ವರ್ಷ ಲಂಡನ್ನಿನ ಹೆನ್ರಿ ಕೋಲ್ ಪತ್ರಗಳಿಗೆ ಉತ್ತರ ಬರೆದು ಸಾಕಾಗಿ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದ. 1848ರಲ್ಲಿ ವಿಕ್ಟೋರಿಯಾ ರಾಣಿಯ ಮನೆಯ ಅಲಂಕೃತ ಮರದ ಚಿತ್ರ ಲಂಡನ್ ಪತ್ರಿಕೆಯಲ್ಲಿ ಬಂತು. ಎರಡು ವರ್ಷಗಳ ಮೇಲೆ ಅಮೆರಿಕದ ಮಹಿಳಾ ಪತ್ರಿಕೆಯೊಂದು ರಾಣಿಯ ಕಿರೀಟ, ಆಲ್ಬರ್ಟನ ಮೀಸೆ ಅಳಿಸಿ ಅದೇ ಚಿತ್ರವನ್ನು ಅಮೆರಿಕದ ಸಂಸಾರ ಎಂಬಂತೆ ಮುದ್ರಿಸಿತು. 1867ರ ಕ್ರಿಸ್‌ಮಸ್ ಹಿಂದಿನ ರಾತ್ರಿ ನ್ಯೂಯಾರ್ಕಿನ ಮೇಸೀಸ್ ಅಂಗಡಿ ಹನ್ನೆರಡು ಗಂಟೆಯವರೆಗೆ ಬಾಗಿಲು ತೆರೆದಿತ್ತು. 1882ರಲ್ಲಿ ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಮರಕ್ಕೆ 80 ವಿದ್ಯುತ್ ದೀಪ ಸುತ್ತಿದ.

1880ರ ನಂತರದ ಮೂರು ದಶಕ ಅಗ್ಗದ ಆಟಿಕೆ ಅಲಂಕಾರಗಳ ಕಾಲ. ಸೂಜಿ ಇಡುವ ಪಿಂಗಾಣಿ ತಟ್ಟೆ, ಬಣ್ಣ ಬಳಿದ ಚಿಪ್ಪು, ಯಾರೂ ಬೂದಿ ಕೊಡವದ ಬೂದಿಬಟ್ಟಲು. ಗುರುತಿನವರಿಗೆಲ್ಲ ಏನಾದರೊಂದು ಕೊಡಬೇಕಿತ್ತು, ಕೊಟ್ಟದ್ದು ಧೂಳು ತಿನ್ನುತ್ತಿತ್ತು. ಅಂಗಡಿಯಿಂದ ತಂದ ವಸ್ತುವಿಗೆ ಇನ್ನೂ ಒಂದು ಮುಜುಗರವಿತ್ತು. ಕೈಯಾರೆ ಹೆಣೆದ ಕಾಲುಚೀಲದಲ್ಲಿ ಕೊಟ್ಟವಳ ಬೆರಳಿನ ಗುರುತಿರುತ್ತದೆ, ಕಾರ್ಖಾನೆಯ ತಟ್ಟೆಯಲ್ಲಿ ಬೆಲೆ ಮಾತ್ರ. ಆ ಮುಜುಗರ ಮುಚ್ಚಲು ನೆರವಾದದ್ದು ಕಾಗದ. ಮೊದಲು ಬಿಳಿ, ಕೆಂಪು, ಹಸಿರು ಬಣ್ಣದ ತೆಳು ಟಿಶ್ಯೂ ಬಳಸುತ್ತಿದ್ದರು. 1917ರ ಡಿಸೆಂಬರಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿದ್ದ ಹಾಲ್ ಸಹೋದರರ ಅಂಗಡಿಯಲ್ಲಿ ಅದು ಮುಗಿದುಹೋಯಿತು. ಲಕೋಟೆಯ ಒಳಮೈಗೆ ಹಚ್ಚಲೆಂದು ಫ್ರಾನ್ಸಿನಿಂದ ತರಿಸಿದ ಚಿತ್ತಾರದ ಕಾಗದ ಒಳಗೆ ಬಿದ್ದಿತ್ತು; ಹಾಳೆಗೆ ಹತ್ತು ಸೆಂಟಿನಂತೆ ಗಲ್ಲಾದ ಪಕ್ಕದಲ್ಲಿಟ್ಟರು. ಇಟ್ಟದ್ದೆಲ್ಲ ಖಾಲಿ. ಎರಡು ವರ್ಷದಲ್ಲಿ ಅವರೇ ಅಚ್ಚು ಹಾಕತೊಡಗಿದರು. ಹಾಲ್‌ಮಾರ್ಕ್ ಕಂಪನಿ ಅವರದೇ. ಹರಿದು ಎಸೆಯುವುದೇ ಏಕೈಕ ಉಪಯೋಗವಾಗಿರುವ ವಸ್ತುವೊಂದು ಹೀಗೆ ಹಬ್ಬದ ಸಾಮಾನಿನ ಪಟ್ಟಿಗೆ ಸೇರಿತು.

ಇಷ್ಟು ಹೊತ್ತು ನಾವು ಗಿರಾಕಿಯ ಕಡೆ ನಿಂತಿದ್ದೆವು. ಗಲ್ಲಾದ ಆ ಕಡೆ ಯಾರಿದ್ದರು?

ನ್ಯೂಯಾರ್ಕಿನ ದೊಡ್ಡ ಅಂಗಡಿಗಳಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. 'ಕ್ಯಾಶ್' ಎಂದು ಕೂಗಿದಾಗ ಹಣ, ಪೊಟ್ಟಣ ಹಿಡಿದು ಓಡುವ ಪುಟ್ಟ ಮಕ್ಕಳೂ ಇದ್ದರು. ಕೆಲಸದ ಹೆಂಗಸರಿಗೆ ಕೂರಲು ಆಸನ ಇಡಬೇಕು ಎಂದು 1881ರಲ್ಲೇ ಅಲ್ಲಿ ಕಾನೂನಾಗಿತ್ತು. ಆಸನ ಇಟ್ಟು, ಕೂತವರಿಗೆ ದಂಡ ಹಾಕುವ ಅಂಗಡಿಗಳೂ ಇದ್ದವು. ಆಲಿಸ್ ವುಡ್‌ಬ್ರಿಜ್ ಎಂಬ, ಸ್ವತಃ ಅಂಗಡಿಗಳಲ್ಲಿ ದುಡಿದಿದ್ದ ಹೆಂಗಸು ಇದನ್ನೆಲ್ಲ ಬರೆದಿಟ್ಟಳು. ಅವಳ ವರದಿಯ ಬೆನ್ನಿಗೆ ಜೋಸೆಫೀನ್ ಶಾ ಲೋವೆಲ್, ಮಾಡ್ ನೇಥನ್ ಮೊದಲಾದ ಅನುಕೂಲಸ್ಥ ಮಹಿಳೆಯರು ಸೇರಿ ನ್ಯೂಯಾರ್ಕಿನಲ್ಲಿ ಗ್ರಾಹಕರ ಸಂಘ ಕಟ್ಟಿದರು. ಕೆಟ್ಟ ಅಂಗಡಿಗಳ ಕಪ್ಪುಪಟ್ಟಿ ಹಾಕಿದರೆ ಕೋರ್ಟು ಹತ್ತಬೇಕಾಗುತ್ತದೆ. ಅದಕ್ಕೆ ಕೆಲಸದವರನ್ನು ಚೆನ್ನಾಗಿ ನಡೆಸಿಕೊಳ್ಳುವ ಅಂಗಡಿಗಳ ಬಿಳಿಪಟ್ಟಿ ಮಾಡಿದರು. ಅಷ್ಟು ದೊಡ್ಡ ನಗರದಲ್ಲಿ ಮೊದಲ ಪಟ್ಟಿಗೆ ಸೇರಲು ಯೋಗ್ಯವಾದದ್ದು ಎಂಟು ಅಂಗಡಿ.

1896ರಲ್ಲಿ ನ್ಯೂಯಾರ್ಕ್ ರಾಜ್ಯ ಅಂಗಡಿ ಕೆಲಸದ ಎಳೆಯ ಹೆಣ್ಣುಮಕ್ಕಳಿಗೆ ವಾರಕ್ಕೆ 60 ಗಂಟೆಗಳ ಮಿತಿ ಹಾಕಿತು. ಆ ಕಾನೂನಿನಲ್ಲಿ ಒಂದು ವಿನಾಯಿತಿ ಇತ್ತು: ಡಿಸೆಂಬರ್ 15ರಿಂದ ಜನವರಿ 1ರವರೆಗೆ ಈ ಮಿತಿ ಅನ್ವಯಿಸುವುದಿಲ್ಲ. ನಾನು ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ ಸಾಲು ಇದು. ವರ್ಷದ ಐವತ್ತು ವಾರ ಮನುಷ್ಯರೆಂದು ಒಪ್ಪಿಕೊಂಡು, ಕರುಣೆಯ ಹಬ್ಬ ಎಂದು ಕರೆಯುವ ಎರಡು ವಾರ ಮಾತ್ರ ಆ ಒಪ್ಪಿಗೆಯನ್ನು ವಾಪಸ್ ಪಡೆದಿದ್ದಾರೆ.

1899ರಲ್ಲಿ ಊರೂರಿನ ಸಂಘಗಳು ಕೂಡಿ ರಾಷ್ಟ್ರೀಯ ಗ್ರಾಹಕರ ಸಂಘವಾದಾಗ ಅದರ ಪ್ರಧಾನ ಕಾರ್ಯದರ್ಶಿಯಾದವರು ಫ್ಲಾರೆನ್ಸ್ ಕೆಲ್ಲಿ. ಇಂಗ್ಲೆಂಡಿನ ಕಾರ್ಮಿಕರ ಬಗ್ಗೆ ಎಂಗೆಲ್ಸ್ ಬರೆದ ಪುಸ್ತಕವನ್ನು ಇಂಗ್ಲಿಷಿಗೆ ತಂದವರು, ಇಲಿನಾಯ್ ರಾಜ್ಯದಲ್ಲಿ ಕಾರ್ಖಾನೆ ತನಿಖಾಧಿಕಾರಿಯಾಗಿದ್ದವರು. ಅವರಿಗೆ ಡಿಸೆಂಬರ್ ಎಂದರೆ ಮೈ ಉರಿ. ಕೊನೆಯ ವಾರ ಗಿರಾಕಿಗಳು ಮುಗಿಬೀಳುತ್ತಾರೆ, ಹುಡುಗಿಯರು ರಾತ್ರಿ ಹತ್ತು ಹನ್ನೊಂದರವರೆಗೆ ನಿಂತೇ ಇರುತ್ತಾರೆ, ಪೊಟ್ಟಣ ತಲುಪಿಸುವ ಹುಡುಗರು ಹಿಮದಲ್ಲಿ ನಡುರಾತ್ರಿಯವರೆಗೆ ಬಂಡಿಯಲ್ಲಿ ತಿರುಗುತ್ತಾರೆ. ಸಂಘ ಗಿರಾಕಿಗಳಲ್ಲಿ ಕೇಳಿಕೊಂಡಿತು: ಬೇಗ ಕೊಳ್ಳಿ. ತಿಂಗಳ ಮೊದಲಲ್ಲೇ ಮುಗಿಸಿ, ಹಗಲಿನಲ್ಲೇ ಬನ್ನಿ, ರಾತ್ರಿ ಹೊತ್ತು ತಂದ ಪೊಟ್ಟಣ ತೆಗೆದುಕೊಳ್ಳಬೇಡಿ. ಕೊಳ್ಳಲೇಬೇಡಿ ಎಂದು ಅವರು ಹೇಳಲಿಲ್ಲ. ಹಾಗೆ ಹೇಳಿದ್ದರೆ ಆ ಹುಡುಗಿಯರ ಸಂಬಳವೇ ಹೋಗುತ್ತಿತ್ತು.

ಹದಿಮೂರು ವರ್ಷಗಳ ನಂತರ ಬಂದ ಇನ್ನೊಂದು ಗುಂಪು ಸ್ವಲ್ಪ ತಮಾಷೆಯ ಹೆಸರಿಟ್ಟುಕೊಂಡಿತು. ಕನ್ನಡದಲ್ಲಿ ಹೇಳುವುದಾದರೆ ನಿರುಪಯುಕ್ತ ಉಡುಗೊರೆ ತಡೆ ಸಂಘ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಸ್ಪಗ್' ಎಂದು ಕರೆದರು. 1912ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಎಲಿನಾರ್ ಬೆಲ್ಮಾಂಟ್ ಮೊದಲು ರಂಗನಟಿಯಾಗಿದ್ದು ಕೋಟ್ಯಧೀಶನನ್ನು ಮದುವೆಯಾದವರು. ಇನ್ನೊಬ್ಬರು ಆ್ಯನ್ ಮಾರ್ಗನ್, ಬ್ಯಾಂಕಿಂಗ್ ದೊರೆ ಜೆ. ಪಿ. ಮಾರ್ಗನ್ನನ ಮಗಳು. ದೇಶದ ಅತಿ ಶ್ರೀಮಂತ ಮನೆಗಳ ಹೆಂಗಸರು ದುಂದು ನಿಲ್ಲಿಸಿ ಎಂದು ಹೇಳಲು ಹೊರಟರು ಎಂದರೆ ನಗು ಬರುತ್ತದೆ ನಿಜ, ಆಗಲೂ ಬಂದಿತ್ತು. ಆದರೆ ಅವರು ಕೈಹಾಕಿದ ಸಮಸ್ಯೆ ನಗುವಂಥದ್ದಲ್ಲ. ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವ ಹುಡುಗಿಯರು ಬೇಸಿಗೆ ರಜೆಗೆಂದು ವಾರವಾರ ಪುಡಿಗಾಸು ಕೂಡಿಡುವ ಒಂದು ಉಳಿತಾಯ ನಿಧಿಯ ಜೊತೆ ಈ ಇಬ್ಬರಿಗೂ ಸಂಬಂಧವಿತ್ತು. ಡಿಸೆಂಬರ್ ಬಂದಾಗ ಆ ಹುಡುಗಿಯರು ಮೇಲ್ವಿಚಾರಕರಿಗೆ ಉಡುಗೊರೆ ಕೊಡಲೇಬೇಕಿತ್ತು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಚಂದಾ ಪಟ್ಟಿ ಮೇಜಿನಿಂದ ಮೇಜಿಗೆ ಬರುತ್ತದೆ. ಕೊಡದಿದ್ದರೆ ಮುಂದಿನ ವರ್ಷ ಒಳ್ಳೆಯ ವಿಭಾಗ ಸಿಗುವುದಿಲ್ಲ, ರಜೆ ಸಿಗುವುದಿಲ್ಲ. ಹಿಂದೆ ಬಡವರು ಧಣಿಯ ಬಾಗಿಲಿಗೆ ಹೋಗಿ ಕೇಳುತ್ತಿದ್ದರಲ್ಲ, ಅದು ಪೂರಾ ತಿರುಗಿ ಈಗ ಧಣಿಯ ಕೈ ಬಡವರ ಚೀಲಕ್ಕೆ ಬಂದಿತ್ತು.

ಹತ್ತು ಸೆಂಟ್ ಸದಸ್ಯತ್ವ ಶುಲ್ಕ. ಸೇರಿದವರಿಗೆ ಸಿಗುವುದು ಒಂದೇ: ನಾನು ಕೊಡುವುದಿಲ್ಲ ಎನ್ನಲು ಒಂದು ನೆಪ. ಒಬ್ಬಳೇ ಹೇಳಿದರೆ ಜಿಪುಣಿ, ಸೊಕ್ಕಿನವಳು. ಇಡೀ ಅಂಗಡಿಯೇ ಸ್ಪಗ್ ಸೇರಿದ್ದರೆ ಯಾರೇನು ಅನ್ನಲಾಗುತ್ತದೆ? ಕೆಲವೇ ವಾರಗಳಲ್ಲಿ ಸಾವಿರಕ್ಕೂ ಮಿಕ್ಕಿ ಹುಡುಗಿಯರು ಸೇರಿದರು. ಚುನಾವಣೆಯಲ್ಲಿ ಆಗಷ್ಟೇ ಸೋತಿದ್ದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಡಿಸೆಂಬರಿನಲ್ಲಿ ಮೊದಲ ಗಂಡು ಸದಸ್ಯನಾದ, ಪತ್ರಿಕೆಗಳಿಗೆ ಹಬ್ಬವಾಯಿತು.

ನಾನು ಕೆಲಸ ಮಾಡುವ ಪುಣೆಯ ಕಚೇರಿಯಲ್ಲಿ ಪ್ರತಿ ಡಿಸೆಂಬರಿನಲ್ಲಿ ಸೀಕ್ರೆಟ್ ಸಾಂಟಾ ಇರುತ್ತದೆ, ಐನೂರು ರೂಪಾಯಿ ಮಿತಿ. ಇಷ್ಟು ವರ್ಷಗಳಲ್ಲಿ ನನಗೆ ಬಂದಿರುವ ಕಾಫಿ ಮಗ್ಗುಗಳು ಒಂಬತ್ತು. ಅದು ತಮಾಷೆ, ಇರಲಿ. ಆದರೆ ಅದೇ ವಾರ ವಾಟ್ಸಾಪ್ ಗುಂಪಿನಲ್ಲಿ ಮೇಲಿನವರ ಉಡುಗೊರೆಗೆಂದು ಯುಪಿಐ ನಂಬರು ಬರುತ್ತದೆ. ಕಟ್ಟಿದವರ ಹೆಸರಿನ ಮುಂದೆ ಹಸಿರು ಗುರುತು ಹಾಕಿದ ಪಟ್ಟಿ ದಿನಕ್ಕೆರಡು ಸಲ ಪ್ರಕಟವಾಗುತ್ತದೆ. ಹೊಸದಾಗಿ ಸೇರಿದ, ಇನ್ನೂ ಪಿಜಿಯಲ್ಲಿರುವ ಧಾರವಾಡದ ಹುಡುಗನೊಬ್ಬ ಕಳೆದ ವರ್ಷ ನನ್ನ ಬಳಿ ಬಂದು, 'ಸರ್, ಇದು ಕಂಪಲ್ಸರಿ ಏನ್ರೀ?' ಎಂದು ಕೇಳಿದ. ಕಂಪಲ್ಸರಿ ಅಲ್ಲಪ್ಪ ಎಂದೆ. ಸಂಜೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಹಸಿರು ಗುರುತು ಬಿದ್ದಿತ್ತು. 1912ರ ಆ ಹುಡುಗಿಯರಿಗೆ ಹತ್ತು ಸೆಂಟಿನ ಸದಸ್ಯತ್ವ ಏಕೆ ಬೇಕಿತ್ತು ಎಂಬುದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿದದ್ದು ಆಗ.

ಈ ಎರಡೂ ಚಳವಳಿಗಳ ಗತಿ ಏನಾಯಿತು ಎಂಬುದು ಕಥೆಯ ಕಹಿಯಾದ ಭಾಗ. ಸ್ಪಗ್ ಮೊದಲು ತನ್ನ ಮೊನೆ ಕಳೆದುಕೊಂಡಿತು. ಬಲವಂತದ ಚಂದಾ ಎಂಬ ಮಾತು ಹಿಂದೆ ಸರಿದು ಉಪಯುಕ್ತ ಉಡುಗೊರೆ ಎಂಬ ಮಾತು ಮುಂದೆ ಬಂತು. ತಡೆ ಎಂಬ ಪದ ಹೋಗಿ, ಅದೇ ಮೊದಲಕ್ಷರ ಉಳಿಸಿಕೊಂಡು, ಉಪಯುಕ್ತ ಉಡುಗೊರೆಗೆ ಉತ್ತೇಜನ ಎಂಬ ಅರ್ಥದ ಹೆಸರೂ ಬಂತು. ಅಂಗಡಿಯವರಿಗೆ ಇನ್ನೇನು ಬೇಕು? ಉಪಯುಕ್ತ ಉಡುಗೊರೆಗಳು ನಮ್ಮಲ್ಲಿ ಎಂದು ಜಾಹೀರಾತು ಕೊಟ್ಟರಾಯಿತು. ಮಹಾಯುದ್ಧ ಬಂದ ಮೇಲೆ ಸಂಘದ ಸದ್ದಡಗಿತು. (ಉಪಯುಕ್ತ ಎಂಬ ಮಾತಿಗೆ ನಮ್ಮಲ್ಲೂ ಆಕರ್ಷಣೆ ಕಡಿಮೆಯಿಲ್ಲ. 2021ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದಿತು. ಒಳ್ಳೆಯದೇ. ಆದರೆ ಹಾಗೆ ಕೊಟ್ಟ ಪುಸ್ತಕ ಎಷ್ಟು ಮಂದಿ ತೆರೆದರು ಎಂದು ಯೋಚಿಸುವಾಗ ನನಗೆ 'ಫರ್ಗೆಟ್ ಮಿ ನಾಟ್' ನೆನಪಾಗುತ್ತದೆ.)

ಬೇಗ ಕೊಳ್ಳಿ ಎಂಬ ಕೆಲ್ಲಿಯವರ ಬೇಡಿಕೆಗೆ ಆದದ್ದು ಇನ್ನೂ ವಿಚಿತ್ರ. ಅದು ಗೆದ್ದಿತು. ವ್ಯಾಪಾರಿಗಳು ಅದನ್ನು ಎರಡೂ ಕೈ ಚಾಚಿ ಸ್ವೀಕರಿಸಿದರು. ಬೇಗ ಕೊಂಡವರು ಕೊನೆಯಲ್ಲಿ ಇನ್ನಷ್ಟು ಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಾಗಲು ತಡವಾಗಲಿಲ್ಲ. ಹುಡುಗಿಯರ ಕಾಲುನೋವಿಗೆಂದು ಹುಟ್ಟಿದ ಘೋಷಣೆಯಿಂದ ಋತು ಉದ್ದವಾಯಿತು. 1939ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರ್ 30ಕ್ಕೆ ಬೀಳುವುದಿತ್ತು. ಅದು ಮುಗಿಯದೆ ಕ್ರಿಸ್‌ಮಸ್ ವ್ಯಾಪಾರ ಶುರುಮಾಡುವ ರೂಢಿಯಿರಲಿಲ್ಲ. ವ್ಯಾಪಾರಕ್ಕೆ ದಿನ ಸಾಲದು ಎಂದು ದೊಡ್ಡ ಅಂಗಡಿಗಳವರು ಒತ್ತಾಯಿಸಿದಾಗ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ಕ್ಕೆ ತಂದ. ಅರ್ಧ ರಾಜ್ಯಗಳು ಒಪ್ಪಿದವು, ಅರ್ಧ ಒಪ್ಪಲಿಲ್ಲ. ಕೆಲವು ಕಡೆ ಎರಡೆರಡು ಥ್ಯಾಂಕ್ಸ್‌ಗಿವಿಂಗ್ ಆಯಿತು. ಕೊನೆಗೆ 1941ರಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಎಂದು ಕಾನೂನು ಮಾಡಿದರು. ಪಂಚಾಂಗಗಳ ಜಗಳದಲ್ಲಿ ಎರಡು ಯುಗಾದಿ ಕಂಡವರು ನಾವು, ಆದರೆ ಅಂಗಡಿಯವರು ಹೇಳಿದರೆಂದು ತಿಥಿ ಬದಲಿಸಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ, ಅದು ಅಲ್ಯುಮಿನಿಯಂ ಮರದ್ದು. ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಎಂಬ ಊರು ಅಲ್ಯುಮಿನಿಯಂ ಪಾತ್ರೆಗಳಿಗೆ ಹೆಸರಾಗಿತ್ತು. ಅಲ್ಲಿನ ಅಲ್ಯುಮಿನಿಯಂ ಸ್ಪೆಷಾಲ್ಟಿ ಕಂಪನಿ 1959ರಲ್ಲಿ 'ಎವರ್‌ಗ್ಲೀಮ್' ಹೆಸರಿನ ಬೆಳ್ಳಿಬಣ್ಣದ ಕ್ರಿಸ್‌ಮಸ್ ಮರ ಮಾರುಕಟ್ಟೆಗೆ ಬಿಟ್ಟಿತು. ರಾಕೆಟ್ಟು, ಉಪಗ್ರಹಗಳ ಕಾಲ. ಹೊಳೆಯುವ ಲೋಹ ಎಂದರೆ ಭವಿಷ್ಯ. ಕಡ್ಡಿಗೆ ತೆಳು ತಗಡಿನ ಎಳೆ ಸುತ್ತಿ, ಮರದ ಕಂಬದ ತೂತುಗಳಿಗೆ ಸಿಕ್ಕಿಸಿದರೆ ಆಯಿತು. ಲೋಹವಾದ್ದರಿಂದ ವಿದ್ಯುತ್ ದೀಪದ ಸರ ಸುತ್ತುವಂತಿಲ್ಲ, ಶಾಕ್ ಹೊಡೆಯುತ್ತದೆ. ಅದಕ್ಕೆ ನೆಲದ ಮೇಲೆ ಬಣ್ಣದ ಚಕ್ರ ತಿರುಗುವ ದೀಪವೊಂದನ್ನು ಬೇರೆಯಾಗಿ ಮಾರಿದರು. ಲಕ್ಷಗಟ್ಟಲೆ ಮರಗಳು ಹೋದವು. 1965ರ ಡಿಸೆಂಬರ್ 9ರಂದು ಟಿವಿಯಲ್ಲಿ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ಬಂತು. ಹಬ್ಬ ವ್ಯಾಪಾರವಾಯಿತೆಂದು ಬೇಸರಗೊಂಡ ಹುಡುಗ ಥಳಥಳಿಸುವ ಅಲ್ಯುಮಿನಿಯಂ ಮರಗಳ ನಡುವಿನಿಂದ ಒಂದು ಬಡಕಲು ಹಸಿರು ಗಿಡ ಆರಿಸಿ ತರುತ್ತಾನೆ. ದೇಶವೇ ಕಣ್ಣೊರೆಸಿಕೊಂಡು ನೋಡಿತು. ಕೆಲವೇ ವರ್ಷಗಳಲ್ಲಿ ಎವರ್‌ಗ್ಲೀಮ್ ಮರಗಳು ಅಟ್ಟಕ್ಕೆ, ಕಸಕ್ಕೆ ಸೇರಿದವು. ವ್ಯಾಪಾರದ ವಿರುದ್ಧದ ಆ ಚಿತ್ರಕ್ಕೆ ಪ್ರಾಯೋಜಕರು ಕೋಕಾ ಕೋಲಾ. ಅಟ್ಟದ ಮರಗಳಿಗೆ ಈಗ ಹಳೆಯ ಕಾಲದ ಅಪರೂಪದ ವಸ್ತು ಎಂದು ಒಳ್ಳೆಯ ಬೆಲೆ ಇದೆ.

ಅರ್ಥಶಾಸ್ತ್ರಜ್ಞರೂ ಈ ದುಂದನ್ನು ಅಳೆದಿದ್ದಾರೆ. ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಲೇಖನ ಪ್ರಸಿದ್ಧ. ಯೇಲ್ ವಿಶ್ವವಿದ್ಯಾಲಯದ ತನ್ನ ವಿದ್ಯಾರ್ಥಿಗಳಿಗೆ ಬಂದ ಉಡುಗೊರೆಗಳನ್ನು ಪಟ್ಟಿ ಮಾಡಿಸಿ, ಅವುಗಳಿಗೆ ನೀವೇ ಆದರೆ ಎಷ್ಟು ಕೊಡುತ್ತಿದ್ದಿರಿ ಎಂದು ಕೇಳಿದ. ಬೆಲೆಯ ಹತ್ತರಲ್ಲೊಂದು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ಮೌಲ್ಯ ಕೊಡುವಾಗಲೇ ಆವಿಯಾಗುತ್ತದೆ ಎಂಬುದು ಅವನ ಲೆಕ್ಕ. ಗೆಳೆಯರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ, ದೂರದ ಅತ್ತೆ ಮಾವಂದಿರು ಕೊಟ್ಟದ್ದರಲ್ಲಿ ಹೆಚ್ಚು. ಈ ಲೆಕ್ಕ ಚುರುಕಾಗಿದೆ, ಓದಲು ಮಜವಾಗಿದೆ. ಆದರೆ ಕೊಟ್ಟವನು ಮತ್ತು ತೆಗೆದುಕೊಂಡವನು ಇಬ್ಬರೇ ಅದರಲ್ಲಿರುವುದು. ಕಟ್ಟಿಕೊಟ್ಟವಳು, ಹೊತ್ತು ತಂದವನು ಇಲ್ಲ. ಈ ವಿಷಯದಲ್ಲಿ ನನಗೆ ವಾಲ್ಡ್‌ಫೋಗೆಲ್‌ಗಿಂತ ಆಲಿಸ್ ವುಡ್‌ಬ್ರಿಜ್ ಹೆಚ್ಚು ತಿಳಿದವಳು ಎನಿಸುತ್ತದೆ.

ಈ ಮಾತು ನಮ್ಮ ಹಳೆಯ ಹಬ್ಬಗಳಿಗೂ ಸಲ್ಲುತ್ತದೆ. ನಾನು ಬೆಳೆದ ಮಂಗಳೂರಿನ ಕಡೆ ಕ್ರಿಸ್‌ಮಸ್ ಎಂದರೆ ಕುಸ್ವಾರ್. ಪಕ್ಕದ ಮನೆಯ ಬಾಯಮ್ಮ ಕಸೂತಿ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ನೆವ್ರಿ, ಕಿಡ್ಯೊ, ಗುಳಿಯೊ, ಚಕ್ಕುಲಿ, ತುಕ್ಡಿ ಕಳಿಸುತ್ತಿದ್ದರು. ಚೌತಿಗೋ ದೀಪಾವಳಿಗೋ ನಮ್ಮ ಮನೆಯ ತಟ್ಟೆ ಆ ಕಡೆ ಹೋಗುತ್ತಿತ್ತು. ಹರಿದೆಸೆಯುವ ಕಾಗದವಿಲ್ಲ, ಧೂಳು ತಿನ್ನುವ ಬೊಂಬೆಯಿಲ್ಲ, ಕೊಟ್ಟದ್ದೆಲ್ಲ ಹೊಟ್ಟೆಗೆ. ಹಳೆಯ ಹಬ್ಬವನ್ನು ಹೊಗಳುವ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಆ ತಟ್ಟೆಯ ಹಿಂದೆ ಒಂದು ವಾರ ತೆಂಗಿನಕಾಯಿ ತುರಿದ, ಹಿಟ್ಟು ನಾದಿದ, ಒಲೆ ಮುಂದೆ ಕೂತು ಒಂದೊಂದೇ ಕಿಡ್ಯೊವನ್ನು ಫೋರ್ಕಿನ ಬೆನ್ನಿನ ಮೇಲೆ ಸುರುಳಿ ಸುತ್ತಿದ ಬಾಯಮ್ಮ ಮತ್ತು ಅವರ ಮೂವರು ಹೆಣ್ಣುಮಕ್ಕಳಿದ್ದರು. ಅವರ ಮನೆಯ ಗಂಡಸರು ಗೋದಲಿ ಕಟ್ಟುವುದನ್ನು ಬಿಟ್ಟರೆ ಬೇರೇನೂ ಮಾಡಿದ್ದನ್ನು ನಾನು ಕಾಣೆ. ಆ ಹೆಣ್ಣುಮಕ್ಕಳಲ್ಲಿ ಒಬ್ಬರು ಈಗ ಮುಂಬಯಿಯಲ್ಲಿದ್ದಾರೆ. ಕುಸ್ವಾರನ್ನು ಬೇಕರಿಯಿಂದ ತರಿಸುತ್ತಾರೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿ ಕಸಕ್ಕೆ ಹೋಗುತ್ತದಲ್ಲ ಅಕ್ಕಾ ಎಂದು ಒಮ್ಮೆ ಫೋನಿನಲ್ಲಿ ಅಂದಿದ್ದಕ್ಕೆ, 'ನನ್ನ ಸೊಂಟ ಉಳಿಯಿತಲ್ಲ ಮಾರಾಯ' ಎಂದರು.

ಆ ಡಬ್ಬಿ ಅವರ ಬಾಗಿಲಿಗೆ ತಲುಪುವುದು ಒಬ್ಬ ಡೆಲಿವರಿ ಹುಡುಗನ ಬೆನ್ನಿನ ಚೀಲದಲ್ಲಿ. ಕೆಲ್ಲಿಯವರ ಕಾಲದ ಬಂಡಿಯ ಹುಡುಗರಿಗೂ ಇವನಿಗೂ ನೂರಿಪ್ಪತ್ತು ವರ್ಷಗಳ ಅಂತರ. ಇಂಥ ದುಡಿಮೆಗಾರರಿಗಾಗಿ 2023ರಲ್ಲಿ ರಾಜಸ್ಥಾನ, 2025ರಲ್ಲಿ ಕರ್ನಾಟಕ ಕಾಯ್ದೆ ತಂದಿವೆ. ನೋಂದಣಿ ಇದೆ, ಕಲ್ಯಾಣ ನಿಧಿ ಇದೆ, ದೂರು ಕೊಡಲು ದಾರಿ ಇದೆ. ಡಿಸೆಂಬರಿನ ಕೊನೆಯ ವಾರ ಬಂದಾಗ ಆ್ಯಪುಗಳು ಹೆಚ್ಚು ಆರ್ಡರು ಮುಟ್ಟಿಸಿದವರಿಗೆ ಹೆಚ್ಚಿನ ಪ್ರೋತ್ಸಾಹಧನ ಘೋಷಿಸುತ್ತವೆ. ರಾತ್ರಿ ಬಂದ ಪೊಟ್ಟಣ ತೆಗೆದುಕೊಳ್ಳಬೇಡಿ ಎಂದು ನ್ಯೂಯಾರ್ಕಿನ ಹೆಂಗಸರಲ್ಲಿ ಕೇಳಿಕೊಂಡಂತೆ ನಮ್ಮನ್ನು ಯಾರೂ ಕೇಳಿಲ್ಲ. ನಮ್ಮ ಸೊಸೈಟಿಯ ಕಾವಲುಗಾರರ ರಿಜಿಸ್ಟರಿನಲ್ಲಿ ಕಳೆದ ಡಿಸೆಂಬರ್ 24ರ ಕೊನೆಯ ಡೆಲಿವರಿ ರಾತ್ರಿ 11.52ಕ್ಕೆ ದಾಖಲಾಗಿದೆ.